ದಿನಕ್ಕೆ ಏಳು ಸಲ ಸೊಪ್ಪು

ನನಗೆ 'ಬೈಯೋ ನರ್ಸಮ್ಮ' ಎಂದು ಹೆಸರಿಟ್ಟವರು ಬಿಕ್ಕೋಡು ಕಡೆಯ ಕಾಫಿ ತೋಟಗಳ ಹೆಂಗಸರು. ಅಲ್ಲಿ ಎಂಟು ವರ್ಷ ಕೆಲಸ ಮಾಡಿದೆ. ಕೂಲಿಯವರ ಲೈನ್ ಮನೆಗಳ ಮುಂದೆ ನನ್ನ ಸ್ಕೂಟರ್ ನಿಂತರೆ ಸಾಕು, ಒಳಗಿದ್ದವರು ಬಾಯಲ್ಲಿದ್ದುದನ್ನು ಹಿತ್ತಿಲಿಗೆ ಉಗಿದು, ಮುಕ್ಕಳಿಸಿ, ಏನೂ ಅರಿಯದವರ ಹಾಗೆ ಹೊಸಿಲಿಗೆ ಬಂದು ನಿಲ್ಲುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಟಾರ್ಚ್ ಹಿಡಿದು "ಆ ಅನ್ನು" ಎಂದು ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಎರಡೂ ಕೆನ್ನೆಯ ಒಳಗನ್ನು ನೋಡಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಚೂರು ಹೊಗೆಸೊಪ್ಪಿಗೂ ಹತ್ತು ಮಾತು ಬೈದು ಬರುತ್ತಿದ್ದೆ. ಮೊದಲೇ ನಾನು ಕೋಪಿಷ್ಠೆ. ಬೈದರೆ ಬೇಗ ತಿದ್ದಿಕೊಳ್ಳುತ್ತಾರೆ ಎಂಬ ನಂಬಿಕೆ ಬೇರೆ.

ಅಲ್ಲಿಂದ ಜಾವಗಲ್ ಹತ್ತಿರದ ಹಳ್ಳಿಯೊಂದಕ್ಕೆ ವರ್ಗವಾದಾಗ ಕುಣಿದಾಡುವಷ್ಟು ಖುಷಿಯಾಯಿತು. ನನ್ನ ಮನೆ ಇರುವುದು ಹಳೇಬೀಡಿನಲ್ಲಿ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಖುಷಿಗೆ ಅದಕ್ಕಿಂತ ದೊಡ್ಡ ಕಾರಣ, ಜಾವಗಲ್ಲಿನಲ್ಲಿ ನನ್ನ ದೊಡ್ಡಮ್ಮ ಇದ್ದಾಳೆ. ಅಮ್ಮನ ಅಕ್ಕ. ನಾನು ಮೂರು ತಿಂಗಳ ಕೂಸಾಗಿದ್ದಾಗ ಅಮ್ಮ ಟೈಫಾಯಿಡ್ ಹಿಡಿದು ಮಲಗಿದಳಂತೆ. ಕೂಸಿಗೂ ಕೆಮ್ಮು. ದೊಡ್ಡಮ್ಮ ಬಂದು ನನ್ನನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದವಳು ಮತ್ತೆ ವಾಪಸ್ ಕೊಡಲಿಲ್ಲ. ಅಮ್ಮ ಹುಷಾರಾಗಿ ಕರೆಯಲು ಬಂದಾಗಲೆಲ್ಲ ನಾನು ದೊಡ್ಡಮ್ಮನ ಕಾಲು ಹಿಡಿದುಕೊಂಡು ಊರಿಗೆಲ್ಲ ಕೇಳುವ ಹಾಗೆ ಅರಚುತ್ತಿದ್ದೆನಂತೆ. ಹತ್ತನೇ ತರಗತಿಯವರೆಗೆ ಅಲ್ಲೇ ಬೆಳೆದೆ. ಶಾಲೆಯ ರಿಜಿಸ್ಟರ್ ಒಂದನ್ನು ಬಿಟ್ಟರೆ ಮಿಕ್ಕೆಲ್ಲ ಕಡೆ ನಾನು ಅವಳ ಮಗಳೇ.

ದೊಡ್ಡಮ್ಮನಿಗೆ ಒಂದು ವಾಸನೆ ಇತ್ತು. ಎಳೆ ವೀಳ್ಯದೆಲೆ, ಸುಣ್ಣ, ಲವಂಗ, ಅದರ ಜೊತೆಗೆ ಮೂಗಿನೊಳಗೆ ಸ್ವಲ್ಪ ಚುಚ್ಚುವ ಇನ್ನೊಂದು. ಆ ಇನ್ನೊಂದೇ ಸೊಪ್ಪು. ಅದನ್ನು ಹೊಗೆಸೊಪ್ಪು ಎಂದು ಪೂರ್ತಿ ಹೇಳುವವರು ಅಂಗಡಿಯವರು. ಎಲೆಅಡಿಕೆ ಹಾಕುವ ನಮ್ಮ ಮನೆಯ ಹೆಂಗಸರಿಗೆ ಅದು ಬರೀ ಸೊಪ್ಪು. ದಂಟಿನ ಸೊಪ್ಪು, ಸಬ್ಬಸಿಗೆ ಸೊಪ್ಪು, ಹರಿವೆ ಸೊಪ್ಪು ಇದ್ದ ಹಾಗೆ ಇದೂ ಒಂದು. ಊಟ ಮುಗಿಸಿ ಕಂಬಕ್ಕೆ ಒರಗಿ ಕೂತು, ಸೊಂಟದ ಸಂಚಿ ಬಿಚ್ಚಿ, ಎಲೆಯ ನಾರು ಎಳೆದು, ಸುಣ್ಣ ಸವರಿ, ಅಡಿಕೆ ಚೂರಿಟ್ಟು, ಕೊನೆಗೆ ಸೊಪ್ಪಿನ ಒಂದು ತುಂಡು ಮುರಿದು ಎಡಗೆನ್ನೆಗೆ ಸೇರಿಸಿದಳೆಂದರೆ ಅವಳ ಮುಖ ಸಡಿಲವಾಗುತ್ತಿತ್ತು. ಏನು ಕೇಳಬೇಕಾದರೂ ನಾನು ಆ ಹೊತ್ತಿಗೆ ಕಾಯುತ್ತಿದ್ದೆ. ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಫೇಲಾದದ್ದನ್ನು ಹೇಳಿದ್ದೂ ಆ ಹೊತ್ತಿಗೇ. ಸಂಚಿ ಖಾಲಿಯಾದರೆ ಅಂಗಡಿಗೆ ಓಡಿ ಸೊಪ್ಪು ತರುತ್ತಿದ್ದವಳೂ ನಾನೇ. ನನ್ನ ಅಂಗೈಗೆ ಒಂದು ಚೂರು ಬೆಲ್ಲ ಬೀಳುತ್ತಿತ್ತು.

ಇಷ್ಟಾದರೂ ಆ ಮನೆ ಚಟವಿಲ್ಲದ ಮನೆ ಎಂದು ಹೆಸರಾದದ್ದು. ದೊಡ್ಡಪ್ಪನವರದು ಕೊಬ್ಬರಿ ವ್ಯಾಪಾರ. ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಹಚ್ಚಿ ಪೂಜೆ ಮುಗಿಸದೆ ಒಂದು ಲೋಟ ನೀರನ್ನೂ ಮುಟ್ಟದವರು. ತೋಟದಲ್ಲಿ ಕಾಯಿ ಕೀಳುವವರು ಬೀಡಿ ಹಚ್ಚಿದರೆ, "ರೋಡಿಗೋಗಿ ಸೇದ್ರಲಾ" ಎಂದು ಗದರಿಸಿ ಬೇಲಿಯಾಚೆ ಕಳಿಸುತ್ತಿದ್ದರು. ಮಠದಿಂದ ಬಂದವರ ಮುಂದೆ "ನಮ್ಮನೇಲಿ ಒಂದು ಚಟ ಇಲ್ಲ ಬುದ್ಧಿ" ಎಂದು ಕೈಮುಗಿಯುತ್ತಿದ್ದರು. ಅದೇ ದೊಡ್ಡಪ್ಪ ವಾರವಾರ ಸಂತೆಯಿಂದ ಬರುವಾಗ ಚೀಲದ ತಳದಲ್ಲಿ, ಕಾಗದದಲ್ಲಿ ಸುತ್ತಿದ ಸೊಪ್ಪಿನ ಕಟ್ಟನ್ನು ಹೆಂಡತಿಗೆ ತರುತ್ತಿದ್ದರು. ಅದರಲ್ಲಿ ವಿಚಿತ್ರವೇನಿದೆ ಎಂದು ಅವರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ವರ್ಗವಾಗಿ ಬಂದ ಮೇಲೆ ಅರಸೀಕೆರೆಯಲ್ಲಿ ನಮಗೆಲ್ಲ ಎರಡು ದಿನದ ತರಬೇತಿ ಕೊಟ್ಟರು. ಗೋಡೆಯ ಮೇಲೆ ಚಿತ್ರ ಬಿಟ್ಟು, ಲೋಕದಲ್ಲೆಲ್ಲ ಜನರ ಆಯುಸ್ಸನ್ನು ಮೊಟಕು ಮಾಡುವ ಸಂಗತಿಗಳು ಯಾವುವು ಎಂದು ತೋರಿಸಿದರು. ಬಿಪಿ, ತಂಬಾಕು, ಒಲೆಯ ಹೊಗೆ, ಸಕ್ಕರೆ, ಉಪ್ಪು, ಬೊಜ್ಜು, ಕುಡಿತ, ಸೊಪ್ಪು ತರಕಾರಿ ತಿನ್ನದಿರುವುದು, ಕೂತಲ್ಲೇ ಕೂರುವುದು. ಲೋಕದ್ದು ಅಂದರೆ ಎಲ್ಲೋ ದೂರದ ದೊಡ್ಡ ದೊಡ್ಡ ಹೆಸರುಗಳು ಇರುತ್ತವೆ ಅಂದುಕೊಂಡಿದ್ದೆ. ನೋಡಿದರೆ ಎಲ್ಲವೂ ನಮ್ಮ ಅಡುಗೆಮನೆ, ಬಚ್ಚಲುಮನೆ, ಜಗುಲಿಯಲ್ಲೇ ಇರುವಂಥವು. ಪಕ್ಕದಲ್ಲಿದ್ದ ಗೆಂಡೆಹಳ್ಳಿಯ ಸಿಸ್ಟರ್ ನನ್ನ ಕಿವಿಯಲ್ಲಿ, "ಇದರಲ್ಲಿ ಕುಡಿತ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಮ್ಮತ್ತೆಗೈತೆ ಕಣ್ರೀ" ಅಂದಳು. ಮಧ್ಯಾಹ್ನದ ಊಟಕ್ಕೆ ನಮಗೆ ಎರಡೆರಡು ಜಾಮೂನು ಹಾಕಿದ್ದರು. ಯಾರೂ ಬಿಡಲಿಲ್ಲ.

ತರಬೇತಿ ಮುಗಿಸಿ ಟ್ಯಾಬ್ ಕೊಟ್ಟು ಮನೆಮನೆಗೆ ಕಳಿಸಿದರು. ಪ್ರಶ್ನೆ ಓದುವುದು, ಉತ್ತರ ಒತ್ತುವುದು. ದೊಡ್ಡಮ್ಮನ ಬೀದಿ ನನ್ನ ಪಾಲಿಗೇ ಬಂತು. ಅವಳ ಮನೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ, ಊಟವೂ ಆಗುತ್ತದೆ ಎಂದು.

ಕಂಬಕ್ಕೆ ಒರಗಿ ಕೂತಿದ್ದ ದೊಡ್ಡಮ್ಮನ ಎದುರು ಗಂಭೀರವಾಗಿ ಕೂತು "ನಿಮ್ಮ ಹೆಸರು?" ಎಂದೆ.

"ನನ್ನೆಸ್ರು ಮರ್ತೋಯ್ತೇನೇ ಮುಂಡೇದೇ?" ಅಂದಳು.

ಒಲೆ ಯಾವುದು ಎಂದರೆ "ಗ್ಯಾಸು. ಎರಡು ಸಿಲಿಂಡರ್ ಅವೆ, ಬರ್ಕೋ" ಅಂದಳು. ಅವಳು ಹಾಗೆ ಹೇಳುವಾಗ ಬಚ್ಚಲಿನಲ್ಲಿ ಹಂಡೆಯ ಕೆಳಗೆ ತೆಂಗಿನ ಮಟ್ಟೆ ಉರಿದು ಹೊಗೆ ನಡುಮನೆಯವರೆಗೂ ಬಂದಿತ್ತು. ಹಂಡೆಯ ಒಲೆ ಅಡುಗೆಯ ಒಲೆ ಅಲ್ಲವಲ್ಲ. ಊಟಕ್ಕೆ ಮೇಲುಪ್ಪು ಹಾಕಿಕೊಳ್ಳುತ್ತೀಯಾ ಎಂದರೆ, "ಉಪ್ಪಿನಕಾಯಿ ಇರ್ಬೇಕಾದ್ರೆ ಮೇಲುಪ್ಪು ಯಾಕೇ?" ಅಂತ ನನ್ನನ್ನೇ ಕೇಳಿದಳು. ವಾಕಿಂಗ್ ಹೋಗುತ್ತೀಯಾ ಎಂದರೆ, "ಅದೆಲ್ಲ ಕೆಲ್ಸ ಇಲ್ಲದೋರು ಮಾಡದು" ಅಂದಳು. ದಿನಕ್ಕೆ ಎರಡು ಸಲ ತೋಟಕ್ಕೆ ಹೋಗಿ ಬರುವವಳು ಅವಳು.

"ಬೀಡಿ, ಸಿಗರೇಟು, ಗುಟ್ಕಾ, ತಂಬಾಕು, ಯಾವುದಾದರೂ ಚಟ?" ಎಂದು ಓದಿದೆ.

"ಥೂ, ನಾನೇನು ಗಂಡಸೇನೇ?" ಎಂದು ದೊಡ್ಡಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಜಗುಲಿಯಿಂದ ದೊಡ್ಡಪ್ಪ, "ಮೂರು ತಲೆಮಾರಿಂದ ಈ ಮನೇಲಿ ಚಟ ಇಲ್ಲ ಅಂತ ದಪ್ಪಗೆ ಬರ್ಕೊಳವ್ವ" ಎಂದು ಕೂಗಿದರು. ನಾನು 'ಇಲ್ಲ' ಎಂದು ಒತ್ತಿದೆ. ಅವಳ ಎಡಗೆನ್ನೆ ಆಗಲೂ ಉಬ್ಬಿತ್ತು. 'ಇಲ್ಲ' ಎಂದು ಒತ್ತಿದರೆ ತಂಬಾಕಿನ ಕೆಳಗಿನ ಪ್ರಶ್ನೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮುಚ್ಚಿಕೊಂಡವು.

"ಸೊಪ್ಪು, ತರಕಾರಿ ದಿನಾ ತಿಂತೀಯಾ? ಎಷ್ಟು ಸಲ?"

"ತರ್ಕಾರಿ ಒಂದೊತ್ತು. ಸೊಪ್ಪಾದ್ರೆ ದಿನಕ್ಕೆ ಏಳು ಸಲ ಆಯ್ತದೆ" ಎಂದಳು, ಬೆರಳು ಮಡಚಿ ಲೆಕ್ಕ ಹಾಕಿ, ಬಹಳ ಪ್ರಾಮಾಣಿಕವಾಗಿ.

ನನಗೆ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತಿದ್ದೇನೆ ಎಂದು ಅವಳಿಗೆ ಮೊದಲು ತಿಳಿಯಲಿಲ್ಲ, ತಿಳಿದ ಮೇಲೆ ನನಗಿಂತ ಜೋರಾಗಿ ನಕ್ಕಳು. ದೊಡ್ಡಪ್ಪನವರೂ ಎದ್ದು ಬಂದು ಕೇಳಿ ನಕ್ಕರು. ಆ ತಮಾಷೆ ಹಾಗೇ ಇರಲಿ ಎಂದು ನಾನು 'ಸೊಪ್ಪು' ಎಂಬಲ್ಲಿ ಏಳು ಎಂದೇ ತುಂಬಿದೆ. ಕೊನೆಯ ಪ್ರಶ್ನೆ, ಬಾಯಿಯ ಒಳಗನ್ನು ಪರೀಕ್ಷಿಸಲಾಯಿತೇ ಎಂಬುದು. ಬಿಕ್ಕೋಡಿನಲ್ಲಿ ಸಾವಿರ ಬಾಯಿ ತೆರೆಸಿದವಳು ನಾನು. ದೊಡ್ಡಮ್ಮನ ಬಾಯಿಗೆ ಟಾರ್ಚ್ ಬಿಡುವುದೇ? ನಾನು ಕಾಣದ ಬಾಯೇ? 'ಹೌದು' ಎಂದು ಒತ್ತಿ ಟ್ಯಾಬ್ ಮುಚ್ಚಿದೆ.

ಆಮೇಲೆ ಊಟ. ಅವಳ ಕೈಯ ಹುರುಳಿಕಾಳು ಸಾರು ಅಂದರೆ ಮೂಗಿನಲ್ಲಿ ನೀರು ಬರಬೇಕು. ಅವತ್ತು ಸಪ್ಪೆಯಾಗಿತ್ತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಸಣ್ಣ ಸಣ್ಣ ತುತ್ತು ಮಾಡಿ ತಿನ್ನುತ್ತಿದ್ದಳು. ಏನಾಯಿತೆಂದು ಕೇಳಿದರೆ "ವಯಸ್ಸಾಯ್ತಲ್ಲವ್ವ, ಖಾರ ಸೇರಕಿಲ್ಲ, ಬಾಯೆಲ್ಲ ಉರೀತದೆ" ಅಂದಳು. "ಒಳ್ಳೇದೇ ಆಯ್ತು ಬಿಡು, ಹೊಟ್ಟೆಗೂ ಒಳ್ಳೇದು" ಎಂದು ಶಹಬ್ಬಾಸ್‌ಗಿರಿ ಕೊಟ್ಟು, ಎರಡನೇ ಸಲ ಸಾರು ಹಾಕಿಸಿಕೊಂಡೆ. ಈಗಲೂ ಆ ಮಾತು ನೆನಪಾದರೆ ನನ್ನ ಬಾಯಿಗೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ತಿಂಗಳ ಕೊನೆಗೆ ಮೀಟಿಂಗ್. ನಮ್ಮ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಬೆಂಗಳೂರಿನ ಕಡೆಯವರು, ಒಂದೊಂದು ಸಾಲನ್ನೂ ಓದುವವರು. ಓದುತ್ತ ಓದುತ್ತ ಥಟ್ಟನೆ ನಿಲ್ಲಿಸಿ, "ಸಿಸ್ಟರ್, ನಿಮ್ ಏರಿಯಾದಲ್ಲಿ ಒಬ್ರು ದಿನಕ್ಕೆ ಏಳು ಸಲ ಸೊಪ್ಪು ತಿಂತಾರಲ್ಲ! ಅವರನ್ನ ಕರ್ಕೊಂಡ್ ಬನ್ನಿ, ಸನ್ಮಾನ ಮಾಡೋಣ" ಅಂದರು. ಎಲ್ಲರೂ ನಕ್ಕರು. ನಾನೂ ನಗುತ್ತ ಎದ್ದು ನಿಂತು, "ಇಲ್ಲ ಮೇಡಂ, ಅದು ತಿನ್ನೋ ಸೊಪ್ಪಲ್ಲ, ನಮ್ಮ ದೊಡ್ಡಮ್ಮ ಹಾಕ್ಕೊಳೋ ಹೊಗೆ..." ಎಂದೆ.

ಅಲ್ಲಿಗೆ ನಿಂತೆ. ಆ ಪದವನ್ನು ಪೂರ್ತಿ ಹೇಳಹೊರಟದ್ದು ನಾನು ಅದೇ ಮೊದಲಿರಬೇಕು, ಅಂದರೆ ಅವಳ ವಿಷಯದಲ್ಲಿ. ಬಿಕ್ಕೋಡಿನಲ್ಲಿ ಅದು ಹೊಗೆಸೊಪ್ಪು, ತಂಬಾಕು, ಕ್ಯಾನ್ಸರ್ ತರುವಂಥದ್ದು. ಜಾವಗಲ್ಲಿನಲ್ಲಿ ಅದು ಸೊಪ್ಪು. ಖಾರ ಸೇರುವುದಿಲ್ಲ, ಬಾಯಿ ಉರಿಯುತ್ತದೆ, ಸಣ್ಣ ತುತ್ತು. ಇದೇ ಮೂರು ಮಾತನ್ನು ತೋಟದ ಹೆಂಗಸೊಬ್ಬಳು ಹೇಳಿದ್ದರೆ ಅವತ್ತೇ ಅವಳನ್ನು ಆಸ್ಪತ್ರೆಯ ಜೀಪು ಹತ್ತಿಸಿರುತ್ತಿದ್ದೆ. ಡಾಕ್ಟರಮ್ಮ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಬಾಯಿ ನೋಡಿದೀರಿ ಅಂತ ಇದೆಯಲ್ಲ ಸಿಸ್ಟರ್?" ಎಂದರು.

ಹಳೇಬೀಡಿಗೆ ಟಿಕೆಟ್ ತೆಗೆದುಕೊಂಡವಳು ಜಾವಗಲ್ಲಿನಲ್ಲೇ ಇಳಿದೆ. ದೊಡ್ಡಮ್ಮ ಜಗುಲಿಯ ಮೇಲೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಚಪ್ಪಲಿಯನ್ನೂ ಬಿಡದೆ "ಬಾಯಿ ತೆಗಿ" ಎಂದೆ.

"ಇದೇನೇ ಬಂದೇಟ್ಗೆ? ನೀರು ಕುಡಿ ಮೊದ್ಲು."

"ಮುಕ್ಕಳಿಸಿ ಬಂದು ಬಾಯಿ ತೆಗಿ ದೊಡ್ಡಮ್ಮ."

ನನ್ನ ಧ್ವನಿ ಕೇಳಿ ಸುಮ್ಮನೆ ಎದ್ದು ಹೋಗಿ ಬಂದಳು. ಬಾಯಿ ಎರಡು ಬೆರಳಿನಷ್ಟು ತೆರೆಯಿತು, ಅದಕ್ಕಿಂತ ಹೆಚ್ಚು ತೆರೆಯಲಿಲ್ಲ. ಬಲಗೆನ್ನೆ ಪರವಾಗಿಲ್ಲ. ಎಡಗೆನ್ನೆಯ ಒಳಗೆ, ಕೆಳಗೆ, ಒಸಡಿಗೆ ತಾಗುವಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಬಿಳಿ ಮಚ್ಚೆ. ಅದರ ಅಂಚು ಕೆಂಪಗೆ ಕೆರಳಿತ್ತು. ನಲವತ್ತು ಚಿಲ್ಲರೆ ವರ್ಷ ಅವಳು ಸೊಪ್ಪಿಟ್ಟುಕೊಂಡ ಜಾಗ, ನಾನು ಚಿಕ್ಕವಳಿದ್ದಾಗ ಉಬ್ಬಿದ ಕೆನ್ನೆಯನ್ನು ಬೆರಳಿನಿಂದ ಒತ್ತಿ ಆಡುತ್ತಿದ್ದ ಜಾಗ.

ಬೈಯುವ ನರ್ಸಮ್ಮನಿಗೆ ಬೈಗುಳ ಬರಲಿಲ್ಲ. ಜಗುಲಿಯ ಮೇಲೆ ಕುಸಿದು ಕೂತು ಅಳು ಶುರು ಮಾಡಿದೆ. "ಯಾಕೇ ಕೂಸೇ, ಯಾರೇನಂದ್ರೇ?" ಎಂದು ದೊಡ್ಡಮ್ಮ ನನ್ನ ಬೆನ್ನು ಸವರುತ್ತ ಸಮಾಧಾನ ಮಾಡಿದಳು. ಅವಳ ಬಾಯಿಂದ ಅದೇ ವಾಸನೆ ಬಂತು. ಅಳುವಿನ ನಡುವೆಯೂ ಆ ವಾಸನೆ ನನಗೆ ಹಿತವಾಗಿತ್ತು. ಅದಕ್ಕೆ ಇನ್ನೂ ಅಳು ಬಂತು.

ಕೋಪ ಆಮೇಲೆ ಬಂತು, ದೊಡ್ಡಪ್ಪನವರ ಮೇಲೆ. ತೋಟದಿಂದ ಬಂದವರ ಮೇಲೆ ಎಗರಿ ಬಿದ್ದೆ. "ವಾರವಾರ ತಂದುಕೊಟ್ಟೋರು ನೀವೇ ಅಲ್ವಾ? ಬೀಡಿ ಸೇದೋರನ್ನ ಬೇಲಿಯಾಚೆಗೆ ಓಡಿಸಿ, ಇವಳ ಬಾಯಿಗೆ ನೀವೇ ತಂದು ಸುರಿದಿರಲ್ಲ!" ಎಂದು ಕೂಗಾಡಿದೆ. ಅಂಗಡಿಗೆ ಓಡಿ ತರುತ್ತಿದ್ದವಳು ನಾನು ಎಂಬುದು ಆಗ ನನ್ನ ನೆನಪಿಗೆ ಬರಲಿಲ್ಲ, ಅಥವಾ ಬಂದೇ ಕೂಗಾಡಿದೆನೋ ಏನೋ. ದೊಡ್ಡಪ್ಪ ಟವಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಅವಳು ಬಾಯಿ ಬುಟ್ಟು ನನ್ನ ಕೇಳಿದ್ದು ಅದೊಂದ್ನೇ ಕಣವ್ವ. ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಅದ್ಕೇ ತಂದ್ಕೊಡ್ತಿದ್ದೆ" ಎಂದರು.

ಹಾಸನಕ್ಕೆ ಹೋಗಿ ಮಚ್ಚೆಯ ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು, ಏನೆಂದು ಗೊತ್ತಾಗುವುದು ಅದರಿಂದಲೇ. ಇದನ್ನು ಹೇಳಿದ ಕೂಡಲೇ ದೊಡ್ಡಮ್ಮ ಮೊಂಡು ಹಿಡಿದಳು. "ಅದುಕ್ಕೆ ಕತ್ರಿ ಹಾಕ್ಸಿದ್ರೆ ಮೈಯೆಲ್ಲ ಹರಡ್ತದಂತೆ. ಮುಟ್ಟದಿದ್ರೆ ಅದರ ಪಾಡಿಗೆ ಅದಿರ್ತದೆ" ಎಂಬುದು ಅವಳ ವಾದ. ಹಾಗೆ ಹರಡುವುದಿಲ್ಲ ಎಂದು ನಾನು ಚಿತ್ರ ತೋರಿಸಿದೆ, ಡಾಕ್ಟರಮ್ಮನಿಂದ ಫೋನಿನಲ್ಲಿ ಹೇಳಿಸಿದೆ, ಬೈದೆ, ಊಟ ಬಿಟ್ಟೆ. ನಾಲ್ಕು ದಿನ ಸಂಜೆಸಂಜೆ ಹೋಗಿ ಬಂದೆ. ಅವಳು ಎಲ್ಲ ಕೇಳಿಸಿಕೊಂಡು ಕೊನೆಗೆ ಸಂಚಿ ಬಿಚ್ಚುತ್ತಿದ್ದಳು. ಬೈದರೆ ಜನ ತಿದ್ದಿಕೊಳ್ಳುತ್ತಾರೆ ಎಂಬ ನನ್ನ ನಂಬಿಕೆ ಆ ನಾಲ್ಕು ದಿನದಲ್ಲಿ ಹೊರಟುಹೋಯಿತು.

ಐದನೆಯ ದಿನ ನಾನು ಏನೂ ಹೇಳಲಿಲ್ಲ. ಅವಳ ಪಕ್ಕದಲ್ಲಿ ಕಂಬಕ್ಕೆ ಒರಗಿ ಕೂತು ಸಂಚಿಯನ್ನು ಇಸಿದುಕೊಂಡೆ. ಎಲೆಗೆ ಸುಣ್ಣ ಹಚ್ಚಿದೆ, ಅಡಿಕೆ ಇಟ್ಟೆ, ಅವಳು ಮುರಿಯುವ ಹಾಗೆಯೇ ಸೊಪ್ಪು ಮುರಿದು ಇಟ್ಟು, ಮಡಚಿ ಬಾಯಿಗೆ ಹಾಕಿಕೊಂಡೆ. ಮೊದಲೇ ಯೋಚಿಸಿ ಮಾಡಿದ್ದಲ್ಲ. ಇಷ್ಟು ವರ್ಷ ಇವಳನ್ನು ಹಿಡಿದುಕೊಂಡಿರುವುದು ಏನು ಎಂದು ತಿಳಿಯಬೇಕಿತ್ತೋ, ಸುಮ್ಮನೆ ಹೊಟ್ಟೆಕಿಚ್ಚೋ, ಈಗ ಹೇಳಲಾರೆ. ಅಗಿದ ಕೂಡಲೇ ನಾಲಿಗೆ ಸುಟ್ಟು ತಲೆ ಗಿರ್ ಎಂದಿತು.

ದೊಡ್ಡಮ್ಮ ಒಂದು ಗಳಿಗೆ ನೋಡುತ್ತಿದ್ದಳು. ಮರುಗಳಿಗೆ ನನ್ನ ದವಡೆ ಹಿಡಿದು, ಬಾಯೊಳಗೆ ಬೆರಳು ಹಾಕಿ, ಮಣ್ಣು ತಿಂದ ಮಗುವಿನ ಬಾಯಿಂದ ತೆಗೆಯುವ ಹಾಗೆ ಎಲ್ಲವನ್ನೂ ಬಳಿದು ತೆಗೆದು ಅಂಗಳಕ್ಕೆ ಎಸೆದಳು. ಬೆನ್ನ ಮೇಲೆ ಒಂದು ಗುದ್ದು ಬಿತ್ತು. "ನಿಂಗೇನ್ ಬಂದಿದ್ದದೇ? ವಿಷ ಕಣೇ ಅದು, ವಿಷ!" ಎಂದು ಕೂಗಿದಳು.

ಕೂಗಿದವಳು ಹಾಗೇ ನಿಂತಳು. ನಾನು ಬಾಯಿ ಒರೆಸಿಕೊಳ್ಳುತ್ತ ಅವಳನ್ನೇ ನೋಡಿದೆ. ಅಂಗಳದಲ್ಲಿ ಬಿದ್ದದ್ದನ್ನು ಕೋಳಿಯೊಂದು ಬಂದು ಕೆದಕಿ, ಬೇಡವೆಂದು ಬಿಟ್ಟುಹೋಯಿತು. ದೊಡ್ಡಮ್ಮ ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟು, "ಹಾಸನಕ್ಕೆ ಯಾವತ್ತೋಗ್ಬೇಕು?" ಎಂದಳು.

ಹೋದೆವು. ಚೂರು ತೆಗೆದರು. ಅವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿದ ಗುರುತು ಎರಡು ದಿನ ಇತ್ತು. ವರದಿಗೆ ಹದಿನೈದು ದಿನ ಎಂದರು. ಅಡಿಕೆಯೂ ಬೇಡ, ಸೊಪ್ಪೂ ಬೇಡ, ಇವತ್ತಿನಿಂದಲೇ ಎಂದರು. ಬಸ್ಸಿನಲ್ಲಿ ಬರುವಾಗ ದೊಡ್ಡಮ್ಮ ಸಂಚಿಯನ್ನು ಸೊಂಟದಿಂದ ಬಿಚ್ಚಿ ನನ್ನ ಬ್ಯಾಗಿಗೆ ತುರುಕಿದಳು. ಸ್ವಲ್ಪ ದೂರ ಬಂದ ಮೇಲೆ, "ಸಂಚಿ ಕೊಡು, ಸೊಂಟ ಬರಿದಾದಂಗೆ ಆಯ್ತದೆ. ಖಾಲಿ ಮಾಡ್ಕೊಡು" ಎಂದಳು. ನಾನು ಒಳಗಿದ್ದುದನ್ನೆಲ್ಲ ತೆಗೆದು ಖಾಲಿ ಸಂಚಿ ಕೊಟ್ಟೆ.

ಆ ಹದಿನೈದು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಅವಳಿಗೆ ತಲೆನೋವು, ನಿದ್ದೆಯಿಲ್ಲ, ಸಿಕ್ಕಿದ್ದಕ್ಕೆಲ್ಲ ರೇಗಾಟ. ಪಾತ್ರೆ ಎತ್ತಿ ಕುಕ್ಕುತ್ತಿದ್ದಳು. "ನಿನಗಿಂತ ಜೋರು ಬೈತಾಳಲ್ಲವ್ವ" ಎಂದು ದೊಡ್ಡಪ್ಪ ನನಗೆ ಫೋನು ಮಾಡಿ ದೂರುತ್ತಿದ್ದರು. ಬಾಯಿ ಖಾಲಿ ಬಿಡಲು ಆಗುವುದೇ ಇಲ್ಲ ಎಂದಾಗ ಉಪಾಯ ಹುಡುಕಿದವರು ದೊಡ್ಡಪ್ಪನೇ. ಅಟ್ಟದಿಂದ ಒಂದು ಕೊಬ್ಬರಿ ಗಿಟುಕು ಇಳಿಸಿ, ಅಡಕತ್ತರಿಯಿಂದಲೇ ಸಣ್ಣ ಸಣ್ಣ ಚೂರು ಮಾಡಿ ಖಾಲಿ ಸಂಚಿಗೆ ತುಂಬಿದರು. ಅವಳು ಒಂದೊಂದೇ ಚೂರನ್ನು ಬಲಗೆನ್ನೆಯಲ್ಲಿ ಇಟ್ಟುಕೊಂಡು ಮೆಲ್ಲಗೆ ಅಗಿಯುತ್ತ, "ಇದೂ ಒಂದು ಬಾಳೇ?" ಎಂದು ಗೊಣಗುತ್ತಿದ್ದಳು. ಜೊತೆಗೆ ಬೆಲ್ಲವನ್ನೂ ಸೇರಿಸುತ್ತಿದ್ದಾರೆಂದು ನನಗೆ ಗೊತ್ತಾದಾಗ ಅದಕ್ಕೊಂದು ರಂಪ ಮಾಡಿದೆ. ಮುದುಕ ಮುದುಕಿ ಇಬ್ಬರೂ ನನ್ನ ಮುಂದೆ ಕಳ್ಳರ ಹಾಗೆ ನಿಂತಿದ್ದರು.

ಒಂದು ಸಂಜೆ ಅವಳು ಅಕ್ಕಿ ಡಬ್ಬಿಯ ಹಿಂದಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ನನ್ನ ಕೈಗಿಟ್ಟಳು. "ಇದೊಂದು ಎತ್ತಿಟ್ಟಿದ್ದೆ. ಮುಟ್ಟಿಲ್ಲ, ಮೂಸಿದೀನಿ ಅಷ್ಟೇಯ. ತಗೊಂಡೋಗ್ಬುಡು" ಎಂದಳು. ನಾನು ಬೈಯಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು, ಎಸೆಯುವ ಮೊದಲು ನಾನೂ ಒಮ್ಮೆ ಮೂಸಿದೆ.

ವರದಿ ಬಂದ ದಿನ ಮೂವರೂ ಹೋಗಿದ್ದೆವು. ಇನ್ನೂ ಕ್ಯಾನ್ಸರ್ ಆಗಿಲ್ಲ ಎಂದರು. ಆಗುವ ದಾರಿ ಹಿಡಿದಿದೆ, ಸೊಪ್ಪು, ಅಡಿಕೆ ಎರಡನ್ನೂ ಪೂರ್ತಿ ಬಿಟ್ಟರೆ ಅಲ್ಲಿಗೇ ನಿಲ್ಲಬಹುದು, ನಿಲ್ಲದೆಯೂ ಇರಬಹುದು, ಮೂರು ತಿಂಗಳಿಗೊಮ್ಮೆ ತಪ್ಪದೆ ತೋರಿಸಬೇಕು ಎಂದರು. ಪೂರ್ತಿ ಖುಷಿಪಡುವ ಸುದ್ದಿ ಅಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನು ಅವಳನ್ನು ತಬ್ಬಿಕೊಂಡೆ. ದೊಡ್ಡಪ್ಪ ಆಚೆ ತಿರುಗಿ ಟವಲ್ಲಿನಿಂದ ಮುಖ ಒರೆಸಿಕೊಂಡರು. ಆ ವಾರದ ಸಂತೆಯಿಂದ ಬರುವಾಗ ಅವರ ಚೀಲದ ತಳದಲ್ಲಿ ಕಾಗದದ ಪೊಟ್ಟಣ ಇರಲಿಲ್ಲ. ಮೇಲಿನವರೆಗೂ ದಂಟು, ಹರಿವೆ, ಸಬ್ಬಸಿಗೆ. "ತಗೋ, ಸೊಪ್ಪು" ಎಂದು ಹೆಂಡತಿಯ ಮುಂದೆ ಸುರಿದರಂತೆ. ಅವಳು ಇಷ್ಟೂ ಸೊಪ್ಪನ್ನು ಬಿಡಿಸುವವರು ಯಾರು ಎಂದು ಜಗಳ ತೆಗೆದಳಂತೆ.

ಒಂದು ವರ್ಷಕ್ಕೆ ಮತ್ತೆ ಟ್ಯಾಬ್ ಕೊಟ್ಟು ಮನೆಮನೆಗೆ ಕಳಿಸಿದರು. ಈ ಸಲ ದೊಡ್ಡಮ್ಮನ ಮನೆಗೇ ಮೊದಲು ಹೋದೆ. ಹಂಡೆಯ ಒಲೆ ಎಂದು ಅವಳೇ ಹೇಳಿದಳು, ಉಪ್ಪಿನಕಾಯಿಯನ್ನೂ ಒಪ್ಪಿಕೊಂಡಳು. "ತಂಬಾಕು?" ಎಂದೆ.

"ಇತ್ತು" ಎಂದಳು, ಜಗುಲಿಗೆ ಕೇಳುವ ಹಾಗೆ. ಅಲ್ಲಿ ಕೂತಿದ್ದ ದೊಡ್ಡಪ್ಪ ಈ ಸಲ ಏನೂ ಕೂಗಲಿಲ್ಲ.

ಒತ್ತಿದೆ. ಹೋದ ಸಲ ಮುಚ್ಚಿಕೊಂಡಿದ್ದ ಪ್ರಶ್ನೆಗಳು ತೆರೆದುಕೊಂಡವು. ಎಷ್ಟು ವರ್ಷದಿಂದ?

"ನಿಂಗೀಗೆಷ್ಟೇ ವಯಸ್ಸು?"

"ನಲವತ್ತೇಳು. ನಿನ್ನದು ಹೇಳು ಅಂದ್ರೆ."

"ನನ್ ಸೊಪ್ಪಿಂದೂ ಅಷ್ಟೇಯ, ಹೋದ್ ವರ್ಷಕ್ಕೆ ಬುಟ್ಟೆ, ಒಂದು ಕಮ್ಮಿ ಮಾಡ್ಕೋ" ಎಂದು ಸಂಚಿಯಿಂದ ಕೊಬ್ಬರಿ ಚೂರು ತೆಗೆದು ಬಾಯಿಗೆ ಹಾಕಿಕೊಂಡಳು. "ನಿನ್ನ ಎತ್ಕೊಂಬಂದಾಗ ನಿಂಗೆ ನಾಯಿಕೆಮ್ಮು. ಮಲಗಿಸಿದ್ರೆ ಉಸ್ರು ಕಟ್ಟದು, ನೀಲಿ ತಿರುಗೋಳು ನೀನು. ನೆಟ್ಟಗೆ ಹೆಗಲ ಮ್ಯಾಲೆ ಹಾಕ್ಕೊಂಡೇ ಕುಂತಿರ್ಬೇಕು, ಬೆಳಗಾಗೋಗಂಟ. ನಂಗೋ ಹಾಳು ನಿದ್ದೆ, ಎಲ್ಲಿ ಕೈಜಾರಿ ಬುಟ್ಬುಡ್ತೀನೋ ಅಂತ ಜೀವ ಹೋಗದು. ಆಗ ಪಕ್ಕದ್ಮನೆ ಅಜ್ಜಿ ಒಂದು ಚೂರು ಸೊಪ್ಪು ಕೊಟ್ಟು, ಕೆನ್ನೇಲಿಟ್ಕೋ, ನಿದ್ದೆ ಹತ್ರಕ್ಕೆ ಬರಕಿಲ್ಲ ಅಂದ್ಲು. ಎರಡು ತಿಂಗ್ಳಿಗೆ ನಿನ್ನ ಕೆಮ್ಮು ಹೋಯ್ತು. ಸೊಪ್ಪು ಉಳ್ಕಂತು."

ಯಾವತ್ತೋ ನಡೆದ ತಮಾಷೆಯ ಸಂಗತಿಯ ಹಾಗೆ ನಗುತ್ತಲೇ ಹೇಳಿದಳು. ನನಗೆ ಇದನ್ನು ನಲವತ್ತೇಳು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಆ ಜಾಗದಲ್ಲಿ ಅಂಕಿ ಮಾತ್ರ ತುಂಬಬಹುದು, ಬೇರೇನೂ ಬರೆಯಲು ಬರುವುದಿಲ್ಲ. ನಲವತ್ತಾರು ಎಂದು ತುಂಬಿದೆ. ಅಕ್ಷರಗಳು ಕಾಣದಂತಾಗಿ, ಕನ್ನಡಕ ತೆಗೆದು ಒರೆಸಿಕೊಂಡೆ.

"ಮುಂದ್ಕೆ ಕೇಳು, ಒಲೆ ಮ್ಯಾಲೆ ಸಾರೈತೆ" ಎಂದಳು.

"ಸೊಪ್ಪು ದಿನಕ್ಕೆ ಎಷ್ಟು ಸಲ?"

"ಯಾವ ಸೊಪ್ಪು ಅಂತ ಬಿಡಿಸಿ ಕೇಳೇ. ನಿಮ್ಮ ಡಾಕ್ಟ್ರಮ್ಮ ಮತ್ತೆ ನಗಾಡಾಳು."

ಬಿಡಿಸಿ ಕೇಳಿದೆ. ಒಂದು ಎಂದಳು, ಒಂದು ಎಂದು ತುಂಬಿದೆ. ಕೊನೆಯ ಪ್ರಶ್ನೆ ಬಂತು. ನಾನು ಬ್ಯಾಗಿನಿಂದ ಟಾರ್ಚ್ ತೆಗೆಯುವಷ್ಟರಲ್ಲಿ ಅವಳು ತಾನೇ ಎದ್ದು ಹೋಗಿ ಮುಕ್ಕಳಿಸಿ ಬಂದು, ಬೆಳಕಿಗೆ ಮುಖ ಮಾಡಿ ಕೂತು, ಹೇಳದೆಯೇ "ಆ" ಎಂದಳು. ಎಡಗೆನ್ನೆಯ ಒಳಗೆ ಮಚ್ಚೆ ಇನ್ನೂ ಇತ್ತು. ಅಂಚಿನ ಕೆಂಪು ಹೋಗಿತ್ತು, ದೊಡ್ಡದಾಗಿರಲಿಲ್ಲ. ನಾನು ಎರಡು ಸಲ ನೋಡಿದೆ. ನೋಡಿ ಆದ ಮೇಲೆ 'ಹೌದು' ಎಂದು ಒತ್ತಿದೆ.